ಮನೆಯಲ್ಲೇ ವಿಮಾನ ಕಟ್ಟಿದ ಹುಡುಗ: ಫಾರ್ವರ್ಡ್ ಹೇಳದ ಅರ್ಧ ಕತೆ

ಕೆರೂರಿನ ನಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಮೊನ್ನೆ ಕಾಕಾ ಒಂದು ವಿಡಿಯೊ ಹಾಕಿದ್ದರು. ಹೊಲದ ನಡುವೆ ಕಬ್ಬಿಣದ ಪೈಪಿನ ಚೌಕಟ್ಟು, ಅದರ ಮೇಲೆ ಬೈಕಿನ ಇಂಜಿನ್, ಮುಂದೆ ಗಿರ್ರನೆ ತಿರುಗುವ ಪಂಖ. ಕೆಳಗೆ ಹೀಗೆ ಬರೆದಿತ್ತು: "ಹತ್ತನೇ ತರಗತಿ ಫೇಲಾದ ಹಳ್ಳಿ ಹುಡುಗ ಮನೆಯಲ್ಲೇ ವಿಮಾನ ತಯಾರಿಸಿದ್ದಾನೆ. ಯಾವ ಚಾನೆಲ್ಲೂ ತೋರಿಸಲ್ಲ. ಹೆಮ್ಮೆ ಇದ್ದರೆ ಶೇರ್ ಮಾಡಿ."

ಹತ್ತು ನಿಮಿಷದಲ್ಲಿ ಕಾಕಾನ ಮಗ ನನಗೆ ಬೇರೆಯಾಗಿ ಮೆಸೇಜ್ ಮಾಡಿದ. ಅವನು ಐಟಿಐನಲ್ಲಿ ಫಿಟ್ಟರ್ ಕಲಿಯುತ್ತಿದ್ದಾನೆ. "ಅಕ್ಕಾ, ಮನ್ಯಾಗ ಹಳೇ ಬೈಕಿನ ಇಂಜಿನ್ ಐತಿ. ವೆಲ್ಡಿಂಗೂ ಬರ್ತೈತಿ. ನಾನೂ ಮಾಡಬಹುದಲ್ಲ?"

ಆ ವಿಡಿಯೊ ಎಲ್ಲಿಯದು, ಯಾವಾಗಿನದು, ಅದು ನೆಲ ಬಿಟ್ಟು ಎದ್ದಿತೋ ಇಲ್ಲವೋ, ಇದ್ಯಾವುದೂ ಅದರಲ್ಲಿ ಇರಲಿಲ್ಲ. ಆದರೆ ತಮ್ಮನ ಪ್ರಶ್ನೆಗೆ ಉತ್ತರ ಕೊಡಲೇಬೇಕಿತ್ತು.

ಮನೆಯಲ್ಲಿ ವಿಮಾನ ಕಟ್ಟಲು ನಿಜಕ್ಕೂ ಸಾಧ್ಯವೇ?

ಸಾಧ್ಯ. ಇದರಲ್ಲಿ ಪವಾಡವೂ ಇಲ್ಲ, ಸುಳ್ಳೂ ಇಲ್ಲ. ಅಮೆರಿಕದಲ್ಲಿ ಇಂಥವರದೇ ಒಂದು ಸಂಘ 1953ರಿಂದ ಇದೆ. ಅಲ್ಲಿನ ನಿಯಮದ ಪ್ರಕಾರ ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ, ಕಲಿಕೆಗಾಗಿ ಅಥವಾ ಖುಷಿಗಾಗಿ ಮಾಡಿರಬೇಕು. ಅಲ್ಲಿನ ಒಂದೇ ಕಂಪನಿಯ ಕಿಟ್‌ಗಳಿಂದ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾಗಿ ಹಾರಿವೆ.

ಭಾರತೀಯರ ಉದಾಹರಣೆಗಳೂ ಇವೆ. ಲಾಕ್‌ಡೌನ್‌ನಲ್ಲಿ ವಿಮಾನ ಕಟ್ಟಿ ಕುಟುಂಬದ ಜೊತೆ ಹಾರಾಡಿದ ಕೇರಳ ಮೂಲದ ಇಂಜಿನಿಯರ್ ಕತೆ 2022ರಲ್ಲಿ ನಿಮ್ಮ ಫೋನಿಗೂ ಬಂದಿರಬಹುದು. ಅದು ನಿಜ. ಆದರೆ ಆ ನಾಲ್ಕು ಸೀಟಿನ ವಿಮಾನ ದಕ್ಷಿಣ ಆಫ್ರಿಕಾದ ಕಂಪನಿಯೊಂದರ ಕಿಟ್. ಆತ ಮೊದಲೇ ಪೈಲಟ್ ಲೈಸೆನ್ಸ್ ಪಡೆದಿದ್ದರು. ಕಟ್ಟಿದ್ದು ಬ್ರಿಟನ್ನಿನಲ್ಲಿ, ಅಲ್ಲಿನ ತಪಾಸಣೆಯ ಅಡಿಯಲ್ಲಿ.

ಇನ್ನೊಬ್ಬರು ಮುಂಬೈನ ಪೈಲಟ್ ಅಮೋಲ್ ಯಾದವ್. ತಮ್ಮ ಕಟ್ಟಡದ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. 2016ರ ಫೆಬ್ರವರಿಯಲ್ಲಿ ಮುಂಬೈನ ಮೇಕ್ ಇನ್ ಇಂಡಿಯಾ ಮೇಳದಲ್ಲಿ ಅದನ್ನು ಜನ ನೋಡಿದರು. ನಾಗರಿಕ ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, ಅದನ್ನು ನೋಂದಾಯಿಸಿದ್ದು 2017ರಲ್ಲಿ. ಪರೀಕ್ಷಾ ಹಾರಾಟಕ್ಕೆ ಅನುಮತಿ ಸಿಕ್ಕಿದ್ದು 2019ರ ಅಕ್ಟೋಬರಿನಲ್ಲಿ.

ಇಬ್ಬರ ಕತೆಯಲ್ಲೂ ಸಮಾನವಾದ ಮೂರು ಅಂಶಗಳಿವೆ: ಮೊದಲೇ ಕಲಿತ ವಿದ್ಯೆ, ವರ್ಷಗಟ್ಟಲೆ ದುಡಿಮೆ, ಮತ್ತು ಬೇರೆಯವರ ತಪಾಸಣೆ. ಫಾರ್ವರ್ಡ್ ಆಗುವಾಗ ಮೊದಲು ಉದುರಿ ಹೋಗುವುದು ಈ ಮೂರೇ.

ಕರ್ನಾಟಕದಲ್ಲಿ ಇಂಥದ್ದು ನಡೆದಿದೆಯೇ?

ನಡೆದಿದೆ, ಮತ್ತು ನಮಗೆ ಗೊತ್ತಿಲ್ಲದಷ್ಟು ದೊಡ್ಡದಾಗಿಯೇ ನಡೆದಿದೆ. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಸಂಸ್ಥೆ ರೂಪಿಸಿದ ಎಕ್ಸ್-ಏರ್ ಎಂಬ ಎರಡು ಸೀಟಿನ ಹಗುರ ವಿಮಾನವನ್ನು ಬ್ರಿಟನ್, ಫ್ರಾನ್ಸ್‌ನ ಹವ್ಯಾಸಿಗಳು ಕಿಟ್ ರೂಪದಲ್ಲಿ ತರಿಸಿಕೊಂಡು ಜೋಡಿಸಿ ಹಾರಿಸಿದ್ದಾರೆ. ಅಲ್ಯೂಮಿನಿಯಂ ಕೊಳವೆಯ ಚೌಕಟ್ಟಿಗೆ ಬಟ್ಟೆ ಹೊದಿಸಿದ ವಿಮಾನ ಅದು.

ಇನ್ನೊಂದು ಕತೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ್ದು, ಅಂದರೆ ಎನ್‌ಎಎಲ್‌ನದು. ಅಮೆರಿಕದ ವಿನ್ಯಾಸಕಾರ ಬರ್ಟ್ ರುಟಾನ್ ಮನೆಯಲ್ಲಿ ವಿಮಾನ ಕಟ್ಟುವವರಿಗಾಗಿಯೇ ಲಾಂಗ್-ಈಜಿ ಎಂಬ ವಿನ್ಯಾಸ ಮಾಡಿದ್ದರು. ಫೋಮ್ ಕತ್ತರಿಸಿ ಅದರ ಮೇಲೆ ಗಾಜಿನ ನೂಲಿನ ಬಟ್ಟೆ ಮತ್ತು ರಾಳ ಹಚ್ಚಿ ಕಟ್ಟುವ ವಿಮಾನ ಅದು. 1980ರ ದಶಕದಲ್ಲಿ ಎನ್‌ಎಎಲ್ ಇದೇ ವಿನ್ಯಾಸದ ಆಧಾರದ ಮೇಲೆ ಒಂದು ಸಂಶೋಧನಾ ವಿಮಾನ ಕಟ್ಟಿ ಹಾರಿಸಿತು. 1993ರಲ್ಲಿ ಎನ್‌ಎಎಲ್‌ನ ಸ್ವಂತ ತರಬೇತಿ ವಿಮಾನ ಹಂಸ ಮೊದಲ ಬಾರಿ ಹಾರಿತು. ಅದರ ಮೈ ಕೂಡ ಗಾಜಿನ ನೂಲಿನದೇ. ದೊಡ್ಡ ಪ್ರಯೋಗಾಲಯದ ವಿಜ್ಞಾನಿಗಳೂ ಹವ್ಯಾಸಿಗಳ ನಕ್ಷೆ ಹಿಡಿದು ಕೈಕೆಲಸ ಮಾಡಿದರು ಎಂಬುದನ್ನು ನೆನಪಿಡಿ.

ಏನೇನು ಕಲಿಯಬೇಕಾಗುತ್ತದೆ?

ವಿಮಾನ ಕಟ್ಟುವುದೆಂದರೆ ಒಂದು ದೊಡ್ಡ ವಿದ್ಯೆ ಕಲಿಯುವುದಲ್ಲ, ಹತ್ತಾರು ಸಣ್ಣ ವಿದ್ಯೆಗಳನ್ನು ಒಂದೊಂದಾಗಿ ಕಲಿಯುವುದು. ಅವುಗಳಲ್ಲಿ ಕೆಲವು ನಮ್ಮ ಜಿಲ್ಲೆಗೆ ಹೊಸವೇನಲ್ಲ.

ಬಟ್ಟೆ: ಗಾಜಿನ ನೂಲಿನ ಬಟ್ಟೆಗೂ ಹಾಸು-ಹೊಕ್ಕು ಇರುತ್ತದೆ. ನೂಲು ಹೋದ ದಿಕ್ಕಿನಲ್ಲಿ ಅದು ಗಟ್ಟಿ, ಮೂಲೆಯಿಂದ ಮೂಲೆಗೆ ಎಳೆದರೆ ಸಡಿಲ. ಹಾಗಾಗಿ ರೆಕ್ಕೆ ತಿರುಚಿಕೊಳ್ಳದಂತೆ ಕೆಲವು ಪದರಗಳನ್ನು 45 ಡಿಗ್ರಿ ಓರೆಯಾಗಿ ಹಾಸುತ್ತಾರೆ. ಇಳಕಲ್ಲಿನಲ್ಲಿ ಸೀರೆ, ಗುಳೇದಗುಡ್ಡದಲ್ಲಿ ಖಣ ನೇಯುವವರಿಗೆ ಇದನ್ನು ವಿವರಿಸಲು ಎರಡು ನಿಮಿಷ ಸಾಕು. ರಾಳ ಮತ್ತು ಅದನ್ನು ಗಟ್ಟಿಗೊಳಿಸುವ ದ್ರವವನ್ನು ಮಾತ್ರ ತೂಗಿಯೇ ಬೆರೆಸಬೇಕು, ಕಣ್ಣಂದಾಜು ನಡೆಯುವುದಿಲ್ಲ.

ತೂಕ: ಚಕ್ಕಡಿಯಲ್ಲಿ ಭಾರವನ್ನೆಲ್ಲ ಹಿಂದಕ್ಕೆ ಹೇರಿದರೆ ನೊಗ ಮೇಲೇಳುತ್ತದೆ, ಮುಂದಕ್ಕೆ ಹೇರಿದರೆ ಎತ್ತಿನ ಕುತ್ತಿಗೆಗೆ ಬೀಳುತ್ತದೆ. ವಿಮಾನಕ್ಕೂ ಇದೇ ಲೆಕ್ಕ. ಭಾರದ ಕೇಂದ್ರ ಮಿತಿ ಮೀರಿ ಹಿಂದೆ ಸರಿದರೆ ಮೂತಿ ಮೇಲೆದ್ದು, ಮತ್ತೆ ಕೆಳಗಿಳಿಸಲು ಆಗದಂಥ ಸ್ಥಿತಿ ಬರಬಹುದು. ಚಕ್ಕಡಿಯಾದರೆ ನಿಲ್ಲಿಸಿ ಮೂಟೆ ಸರಿಸಬಹುದು. ಹಾಗಾಗಿ ಹಾರುವ ಮೊದಲೇ ಮೂರೂ ಚಕ್ರಗಳನ್ನು ತಕ್ಕಡಿಯ ಮೇಲಿಟ್ಟು ತೂಗುತ್ತಾರೆ.

ರಿವೆಟ್: ಲೋಹದ ವಿಮಾನದಲ್ಲಿ ಸಾವಿರಾರು ರಿವೆಟ್‌ಗಳಿರುತ್ತವೆ. ಪ್ರತಿ ತೂತಿನ ಅಂಚು ನುಣುಪಾಗಿರಬೇಕು, ಇಲ್ಲದಿದ್ದರೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಅನೇಕ ಕಡೆ ಒಬ್ಬರು ಹೊರಗಿನಿಂದ ಬಡಿಯಬೇಕು, ಇನ್ನೊಬ್ಬರು ಒಳಗೆ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. "ಒಬ್ಬನೇ ಕಟ್ಟಿದ" ಎನ್ನುವ ಕತೆಗಳಲ್ಲೂ ಸಾಮಾನ್ಯವಾಗಿ ಎರಡನೆಯ ಜೋಡಿ ಕೈ ಇರುತ್ತದೆ.

ಹಾರಾಟ: ಕಟ್ಟುವುದು ಬೇರೆ, ಹಾರಿಸುವುದು ಬೇರೆ. ಅಮೆರಿಕದಲ್ಲಿ ಹೊಸದಾಗಿ ಕಟ್ಟಿದ ವಿಮಾನವನ್ನು ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆ ಜನವಸತಿ ಇಲ್ಲದ ಕಡೆ ಮಾತ್ರ ಹಾರಿಸಿ ಪರೀಕ್ಷಿಸಬೇಕು.

ಇವೆಲ್ಲಕ್ಕಿಂತ ಕಷ್ಟದ ವಿದ್ಯೆ ಇನ್ನೊಂದಿದೆ: ತಾನು ಮಾಡಿದ ಕೆಲಸವನ್ನು ಬೇರೆಯವರ ಕಣ್ಣಿಗೆ ಒಪ್ಪಿಸುವುದು. ಬ್ರಿಟನ್ನಿನಂಥ ಕಡೆ ರೆಕ್ಕೆಯನ್ನು ಮುಚ್ಚುವ ಮೊದಲು ತಪಾಸಕರು ಒಳಭಾಗ ನೋಡುತ್ತಾರೆ. ಸರಿಯಿಲ್ಲ ಎಂದರೆ ತಿಂಗಳ ಕೆಲಸವನ್ನೂ ಬಿಚ್ಚಬೇಕು.

ಬೈಕಿನ ಇಂಜಿನ್, ವೆಲ್ಡಿಂಗ್ ಸಾಲದೇ?

ತಮ್ಮನ ಪ್ರಶ್ನೆ ಇದೇ ಆಗಿತ್ತು. ಒಂದು ಲೆಕ್ಕ ನೋಡಿ. ಬೈಕಿನ ಇಂಜಿನ್ ನಿಮಿಷಕ್ಕೆ 8000 ಸುತ್ತು ತಿರುಗುತ್ತದೆ ಎನ್ನೋಣ. ಅದೇ ವೇಗದಲ್ಲಿ ಒಂದೂವರೆ ಮೀಟರ್ ಉದ್ದದ ಪಂಖ ತಿರುಗಿದರೆ ಅದರ ತುದಿ ಸೆಕೆಂಡಿಗೆ ಸುಮಾರು 630 ಮೀಟರ್ ಓಡಬೇಕಾಗುತ್ತದೆ. ಗಾಳಿಯಲ್ಲಿ ಶಬ್ದದ ವೇಗವೇ ಸುಮಾರು 340 ಮೀಟರ್. ಶಬ್ದದ ವೇಗ ಹತ್ತಿರವಾದಂತೆ ಪಂಖ ಸದ್ದನ್ನೇ ಹೆಚ್ಚು ಮಾಡುತ್ತದೆ, ತಳ್ಳುವ ಬಲ ಕುಸಿಯುತ್ತದೆ. ಮರ ಆ ಸೆಳೆತ ತಾಳದೆ ಸೀಳಬಹುದು. ಹಾಗಾಗಿ ನಡುವೆ ವೇಗ ತಗ್ಗಿಸುವ ಗೇರ್ ಅಥವಾ ಬೆಲ್ಟ್ ಬೇಕೇ ಬೇಕು. ಅಲ್ಲದೆ ರಸ್ತೆಯಲ್ಲಿ ಬೈಕಿನ ಇಂಜಿನ್ ಪೂರ್ತಿ ಬಲದಲ್ಲಿ ಓಡುವುದು ಕೆಲವೇ ಕ್ಷಣ. ವಿಮಾನದ ಇಂಜಿನ್ ತನ್ನ ಬಲದ ಬಹುಪಾಲನ್ನು ಗಂಟೆಗಟ್ಟಲೆ ಕೊಡುತ್ತಿರಬೇಕು.

ವೆಲ್ಡಿಂಗ್ ಕೂಡ ಹಾಗೆಯೇ. ಬೈಂಡಿಂಗ್ ತಂತಿಯನ್ನು ಒಂದು ಸಲ ಬಗ್ಗಿಸಿದರೆ ಏನೂ ಆಗುವುದಿಲ್ಲ, ಹತ್ತಾರು ಸಲ ಆಚೀಚೆ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಇಂಜಿನ್ ನಡುಕ ಬೆಸುಗೆಯ ಅಂಚಿಗೆ ಮಾಡುವುದೂ ಅದನ್ನೇ, ನಿಮಿಷಕ್ಕೆ ಸಾವಿರಾರು ಸಲ. ಗೇಟು, ಕಿಟಕಿಗೆ ಹಾಕಿದ ಬೆಸುಗೆಗೆ ಆ ಪರೀಕ್ಷೆ ಬರುವುದಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ. 2021ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ವೆಲ್ಡಿಂಗ್ ಬಲ್ಲ 24 ವರ್ಷದ ಯುವಕನೊಬ್ಬ ತಾನೇ ಕಟ್ಟಿದ ಹೆಲಿಕಾಪ್ಟರ್ ಪರೀಕ್ಷಿಸುತ್ತಿದ್ದ. ಯಂತ್ರ ಇನ್ನೂ ನೆಲದ ಮೇಲೇ ಇತ್ತು. ಹಿಂದಿನ ಪಂಖ ಮುರಿದು ಮೇಲಿನ ಪಂಖಕ್ಕೆ ಬಡಿಯಿತು, ಅದು ಅವನ ತಲೆಗೆ ಬಡಿಯಿತು. ಆ ಹುಡುಗನಿಗೆ ಬುದ್ಧಿಯೂ ಇತ್ತು, ಕೈಚಳಕವೂ ಇತ್ತು. ಇಂಜಿನ್ ಶುರು ಮಾಡುವ ಮೊದಲು "ಇದನ್ನು ಬಿಚ್ಚಿ ಮತ್ತೆ ನೋಡೋಣ" ಎನ್ನಬಲ್ಲ ಬಲ್ಲವರೊಬ್ಬರು ಜೊತೆಗೆ ಬೇಕಿತ್ತು.

"ಓದಿಲ್ಲದಿದ್ದರೂ ಮಾಡಿದ" ಎಂದು ಹೊಗಳುವ ಫಾರ್ವರ್ಡ್ ಮೇಲೆ ನನ್ನ ತಕರಾರು ಇರುವುದು ಇಲ್ಲೇ. ಅದು ಹಳ್ಳಿಯ ಹುಡುಗರನ್ನು ಮೆಚ್ಚಿದಂತೆ ಕಾಣುತ್ತದೆ. ನಿಜದಲ್ಲಿ ಕಲಿಯುವ, ಕೇಳುವ, ತಿದ್ದಿಸಿಕೊಳ್ಳುವ ಹಂತವನ್ನೇ ಅಳಿಸಿ, ಧೈರ್ಯವೊಂದಿದ್ದರೆ ಸಾಕು ಎಂದು ಅವರಿಗೆ ನಂಬಿಸುತ್ತದೆ.

ನಮ್ಮ ಪೂರ್ವಜರೇ ವಿಮಾನ ಕಟ್ಟಿದ್ದರಲ್ಲವೇ?

ಈ ವಿಡಿಯೊಗಳ ಬೆನ್ನಿಗೇ "ವೈಮಾನಿಕ ಶಾಸ್ತ್ರ"ದ ಫಾರ್ವರ್ಡ್ ಬರುತ್ತದೆ. ಇದಕ್ಕೂ ಉತ್ತರ ಬೆಂಗಳೂರಿನಲ್ಲೇ ಸಿಕ್ಕಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಸಂಶೋಧಕರು ಆ ಗ್ರಂಥವನ್ನು ಪರಿಶೀಲಿಸಿ 1974ರಲ್ಲಿ ವರದಿ ಪ್ರಕಟಿಸಿದರು. ಗ್ರಂಥ ಪ್ರಾಚೀನವಲ್ಲ, 20ನೇ ಶತಮಾನದ ಆರಂಭದ್ದು. ಅದರಲ್ಲಿ ವಿವರಿಸಿದ ವಿಮಾನಗಳು ಹಾರಲಾರವು ಎಂದು ತೀರ್ಮಾನಿಸಿದರು. ಅವರು ಮಾಡಿದ್ದು ಗೇಲಿಯಲ್ಲ, ಲೆಕ್ಕ. ಮನೆಯಲ್ಲಿ ಕಟ್ಟಿದ ವಿಮಾನಕ್ಕೂ ಬೇಕಾದದ್ದು ಅದೇ ಲೆಕ್ಕ.

ಶೇರ್ ಮಾಡುವ ಮೊದಲು ಕೇಳಿ

- ಊರು, ವರ್ಷ, ಕಟ್ಟಿದವರ ವಿವರ ಇದೆಯೇ?
- ಅದು ಹಾರುವುದನ್ನು ತೋರಿಸಿದ್ದಾರೆಯೇ, ಅಥವಾ ಪಂಖ ತಿರುಗುವುದನ್ನು ಮಾತ್ರವೇ?
- ಸ್ವಂತ ವಿನ್ಯಾಸವೇ, ಕಿಟ್ಟೇ?
- ಯಾರು ತಪಾಸಣೆ ಮಾಡಿದರು? ಭಾರತದಲ್ಲಿ ಡಿಜಿಸಿಎ ಅನುಮತಿ ಇಲ್ಲದೆ ಮನುಷ್ಯರನ್ನು ಹೊತ್ತ ವಿಮಾನ ಹಾರಿಸುವುದು ಕಾನೂನುಬಾಹಿರ. 1934ರ ಹಳೆಯ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

ತಮ್ಮನಿಗೆ "ಬೇಡ" ಎಂದಷ್ಟೇ ಹೇಳಿದ್ದರೆ ಅವನು ನನಗೆ ಹೇಳದೆ ಮಾಡುತ್ತಿದ್ದ. ಹಾಗಾಗಿ ಎರಡು ವಿಷಯ ಹೇಳಿದೆ. ಒಂದು, ಅವನು ಕಲಿಯುತ್ತಿರುವ ಫಿಟ್ಟರ್ ಕೆಲಸವೇ ವಿಮಾನದ ಕೆಲಸದ ಮೊದಲ ಮೆಟ್ಟಿಲು. ಏರ್‌ಬಸ್, ಬೋಯಿಂಗ್ ವಿಮಾನಗಳ ಬಿಡಿಭಾಗಗಳು ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲೇ ತಯಾರಾಗುತ್ತವೆ. ಎರಡು, ಇಂಜಿನ್ ಬಿಟ್ಟು ಥರ್ಮಾಕೋಲಿನಿಂದ ಒಂದು ಮೀಟರಿನ ಗ್ಲೈಡರ್ ಮಾಡು. ಗಣಪತಿ ಮಂಟಪಕ್ಕೆ ಥರ್ಮಾಕೋಲ್ ಕೊಯ್ಯುವ ಕಾಯಿಸಿದ ತಂತಿಯೇ ಇದಕ್ಕೂ ಸಾಕು.

ಹೋದ ಭಾನುವಾರ ಫೋನ್ ಮಾಡಿದ್ದ. ಮೊದಲ ಗ್ಲೈಡರ್ ಮೂತಿ ಎತ್ತಿ ಹಿಂದಕ್ಕೆ ಬಿತ್ತಂತೆ. ಮೂತಿಗೆ ಐದು ರೂಪಾಯಿಯ ನಾಣ್ಯ ಅಂಟಿಸಿದಾಗ ಅಂಗಳ ದಾಟಿತಂತೆ. "ಅಕ್ಕಾ, ಚಕ್ಕಡಿ ಲೆಕ್ಕ ಖರೇ ಐತಿ" ಎಂದ. ಆಮೇಲೆ ಸ್ವಲ್ಪ ಸುಮ್ಮನಿದ್ದು ಕೇಳಿದ: "ನಾಣ್ಯ ಎಷ್ಟ ಹಿಂದ ಸರಿಸಿದ್ರ ಮತ್ತ ಬೀಳತೈತಿ ಅಂತ ಬರದಿಡ್ಲೇನು?"

ಬರೆದಿಡು ಎಂದೆ. ಕಾಕಾಗೂ ಆ ಲೆಕ್ಕದ ಪುಟದ ಫೋಟೊ ಗ್ರೂಪಿಗೆ ಹಾಕಲು ಹೇಳಿದ್ದೇನೆ.