ಶಾಲೆಯ ಗಣಕಜಾಲಕ್ಕೊಂದು ಒಳಗಾವಲು

ಕಬ್ಬಿನ ಹಂಗಾಮಿನಲ್ಲಿ ತಿಮ್ಮಾಪುರದ ಸುತ್ತಲಿನ ಹಾದಿಗಳಲ್ಲಿ ಸಾಗುವ ಟ್ರ್ಯಾಕ್ಟರುಗಳ ಸಾಲನ್ನು ಕಾಣದವರು ಮುಧೋಳ ಸೀಮೆಯಲ್ಲಿ ವಿರಳ. ಸಕ್ಕರೆ ಕಾರ್ಖಾನೆಯ ದ್ವಾರದಲ್ಲಿ ನಿಂತ ಕಾವಲುಗಾರನು ಹೇರು ಬಿಚ್ಚಿ ಒಂದೊಂದು ಕಬ್ಬನ್ನೂ ಪರೀಕ್ಷಿಸುವುದಿಲ್ಲ. ಚೀಟಿ ಯಾರದು, ಯಾವ ಊರಿನದು ಎಂಬಿಷ್ಟನ್ನು ನೋಡಿ ಒಳಗೆ ಬಿಡುತ್ತಾನೆ, ಇಲ್ಲವೆ ತಡೆಯುತ್ತಾನೆ. ಶಾಲೆಯ ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ ಎಂಬ ಪೆಟ್ಟಿಗೆಗೂ ಇಂಥ ಕಾವಲನ್ನು ಒಪ್ಪಿಸಬಹುದು. ಅದಕ್ಕೆ ಬರೆದುಕೊಡುವ ನಿಯಮಾವಳಿಗೆ ಪ್ರವೇಶ ನಿಯಂತ್ರಣ ಪಟ್ಟಿ ಎಂದು ಹೆಸರು. ಈ ಪಟ್ಟಿ ಯಂತ್ರ ಮಾರಿದವರ ಹೊಣೆಯೆಂದು ಶಿಕ್ಷಣ ಸಂಸ್ಥೆಗಳು ಕೈತೊಳೆದುಕೊಳ್ಳುವುದು ಉಚಿತವಲ್ಲ. ಯಾರು ಯಾವುದನ್ನು ಕಾಣಬಹುದೆಂಬುದು ಮುಖ್ಯೋಪಾಧ್ಯಾಯರೂ ಆಡಳಿತ ಮಂಡಳಿಯೂ ಕೂಡಿ ತೀರ್ಮಾನಿಸಬೇಕಾದ ವಿಷಯ.

ಜಾಲದಲ್ಲಿ ಮಾಹಿತಿಯು ಪ್ಯಾಕೆಟ್ ಎಂಬ ಚಿಕ್ಕ ಕಟ್ಟುಗಳಾಗಿ ಸಂಚರಿಸುತ್ತದೆ. ಪ್ರತಿ ಕಟ್ಟಿನ ತಲೆಯಲ್ಲಿ ಕಳಿಸಿದ ಯಂತ್ರದ ವಿಳಾಸ, ಸೇರಬೇಕಾದ ಯಂತ್ರದ ವಿಳಾಸ ಮತ್ತು ಯಾವ ಸೇವೆಗಾಗಿ ಹೊರಟಿದೆ ಎಂಬುದನ್ನು ತಿಳಿಸುವ ಪೋರ್ಟ್ ಸಂಖ್ಯೆ ಇರುತ್ತವೆ. ಸ್ವಿಚ್ಚು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೊಂದಿಕೆಯಾದ ನಿಯಮವನ್ನೇ ಪಾಲಿಸುತ್ತದೆ, ಮುಂದಿನವನ್ನು ನೋಡುವುದಿಲ್ಲ. ಯಾವ ನಿಯಮವೂ ಹೊಂದದಿದ್ದರೆ, ಬಹಳಷ್ಟು ಸ್ವಿಚ್ಚುಗಳಲ್ಲಿ ಆ ಕಟ್ಟು ತಾನಾಗಿಯೇ ತಡೆಯಲ್ಪಡುತ್ತದೆ.

ಶಾಲೆಗೆ ಇಷ್ಟೆಲ್ಲ ಏಕೆ ಎಂದು ಕೇಳುವವರುಂಟು. ಹೊರಗಿನ ಇಂಟರ್ನೆಟ್ಟಿನ ಕಡೆಗೆ ಒಂದು ಬಾಗಿಲು ಹಾಕಿ, ಒಳಗೆ ಎಲ್ಲವನ್ನೂ ಬಯಲಾಗಿ ಬಿಡುವುದು ಸಾಮಾನ್ಯ ರೂಢಿ. ಆಗ ಮಕ್ಕಳು ಕಲಿಯುವ ಪ್ರಯೋಗಾಲಯದ ಯಂತ್ರಗಳೂ, ಅಂಕಗಳನ್ನೂ ಶುಲ್ಕದ ಲೆಕ್ಕವನ್ನೂ ಇರಿಸಿದ ಕಚೇರಿಯ ಯಂತ್ರಗಳೂ ಒಂದೇ ಅಂಗಳದಲ್ಲಿ ನಿಲ್ಲುತ್ತವೆ. 2017ರ ಮೇ 12ರಂದು ಹಬ್ಬತೊಡಗಿದ ವಾನಾಕ್ರೈ ಎಂಬ ಪಿಡುಗು ಇದರ ಅಪಾಯವನ್ನು ಜಗತ್ತಿಗೆ ತೋರಿಸಿತು. ಕಡತಗಳನ್ನು ಹಂಚಿಕೊಳ್ಳಲು ಬಳಸುವ 445ನೆಯ ಪೋರ್ಟಿನ ಮೂಲಕ ಅದು ಯಂತ್ರದಿಂದ ಯಂತ್ರಕ್ಕೆ ದಾಟಿತು. ಬ್ರಿಟನ್ನಿನ ಆಸ್ಪತ್ರೆಗಳ ಕೆಲಸ ಅಸ್ತವ್ಯಸ್ತವಾಯಿತು. ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಗಣಕಗಳಿಗೂ ಪೆಟ್ಟು ತಗಲಿತು. ಮೈಕ್ರೋಸಾಫ್ಟ್ ಸಂಸ್ಥೆ ಮಾರ್ಚ್ 14ರಂದೇ ದುರಸ್ತಿಯನ್ನು ಹೊರಡಿಸಿತ್ತು. ಅದನ್ನು ಅಳವಡಿಸಿಕೊಳ್ಳದ ಯಂತ್ರಗಳಿದ್ದ ಕಡೆಯೂ, ವಿಭಾಗ ವಿಭಾಗಗಳ ನಡುವೆ ಆ ಪೋರ್ಟನ್ನು ಮುಚ್ಚಿದ್ದರೆ ಪಿಡುಗು ಆ ಗಡಿಯನ್ನು ಆ ದಾರಿಯಿಂದ ದಾಟಲಾರದು. ಒಳಗಾವಲಿನ ಪ್ರಯೋಜನ ಇದೇ.

ಉದಾಹರಣೆಗಾಗಿ, ಪ್ರಯೋಗಾಲಯದ ವಿಳಾಸಗಳು 192.168.20 ಎಂದೂ ಕಚೇರಿಯವು 192.168.10 ಎಂದೂ ಆರಂಭವಾಗುತ್ತವೆಂದು ಭಾವಿಸಬಹುದು. ಪ್ರಯೋಗಾಲಯದ ಬಾಗಿಲಿಗೆ ಮೂರು ನಿಯಮಗಳು ಸಾಕು. ಮೊದಲನೆಯದು, ಕಚೇರಿಯಲ್ಲಿರುವ ಮುದ್ರಣಯಂತ್ರವೊಂದಕ್ಕೆ ಹೋಗಲು ಅನುಮತಿ. ಎರಡನೆಯದು, ಕಚೇರಿಯ ಉಳಿದೆಲ್ಲ ವಿಳಾಸಗಳಿಗೆ ತಡೆ. ಮೂರನೆಯದು, ಮಿಕ್ಕ ಎಲ್ಲ ಕಡೆಗೂ ಅನುಮತಿ. ಮೂರನೆಯದನ್ನು ಮೊದಲಿಗೆ ಬರೆದರೆ ತಡೆಯು ಹೆಸರಿಗೆ ಮಾತ್ರ ಉಳಿಯುತ್ತದೆ. ಅದನ್ನು ಬರೆಯಲು ಮರೆತರೆ ಮಕ್ಕಳಿಗೆ ಇಂಟರ್ನೆಟ್ಟೇ ಇಲ್ಲವಾಗುತ್ತದೆ. ಬರೆದ ಪಟ್ಟಿಯನ್ನು ಬಾಗಿಲಿಗೆ ಜೋಡಿಸದಿದ್ದರೆ ಅದು ಕಾವಲೇ ಅಲ್ಲ. ಜೋಡಿಸಿಯೂ ಸ್ವಿಚ್ಚಿನ ಸ್ಥಿರ ನೆನಪಿನಲ್ಲಿ ಉಳಿಸದಿದ್ದರೆ, ಅನೇಕ ಸ್ವಿಚ್ಚುಗಳಲ್ಲಿ ವಿದ್ಯುತ್ತು ಹೋಗಿ ಬಂದೊಡನೆ ಅಳಿದುಹೋಗುತ್ತದೆ.

ಈ ಕಾವಲಿಗೂ ಮಿತಿಯುಂಟು. ಸ್ವಿಚ್ಚು ಲಕೋಟೆಯ ಮೇಲಿನ ವಿಳಾಸವನ್ನು ಓದುತ್ತದೆಯೇ ಹೊರತು ಒಳಗಿನ ಪತ್ರವನ್ನಲ್ಲ. ಇಂದಿನ ಜಾಲತಾಣಗಳ ಬಹುಭಾಗ 443ನೆಯ ಪೋರ್ಟಿನಲ್ಲೇ ನಡೆಯುವುದರಿಂದ, ಒಳ್ಳೆಯ ಪಾಠವನ್ನೂ ಕೆಟ್ಟ ಆಟವನ್ನೂ ಪೋರ್ಟ್ ಸಂಖ್ಯೆಯಿಂದ ಬೇರ್ಪಡಿಸಲಾಗದು. ಆದಕಾರಣ ಎಲ್ಲವನ್ನೂ ಮುಚ್ಚಿ ಮಕ್ಕಳನ್ನು ಕಾಪಾಡಿದೆವೆಂದು ಭಾವಿಸುವುದು ಇನ್ನೊಂದು ಬಗೆಯ ಅವಿವೇಕ. ಕಚೇರಿಯ ದಾಖಲೆಗೆ ತಡೆ ಬೇಕು, ಜ್ಞಾನದ ಹಾದಿಗೆ ಬೇಡ. ಮಕ್ಕಳು ಏನನ್ನು ನೋಡುತ್ತಾರೆಂಬ ನಿಗಾ ಶಿಕ್ಷಕರ ಕಣ್ಣಿಗೆ ಸೇರಿದ್ದು.

ಇಲ್ಲಿ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಗಮನಿಸಬೇಕಾದ ಅಂಶವೊಂದಿದೆ. ಅಗ್ಗದ ಸಾದಾ ಸ್ವಿಚ್ಚುಗಳಿಗೆ ಇಂಥ ಪಟ್ಟಿಯನ್ನು ಪಾಲಿಸುವ ಶಕ್ತಿಯಿಲ್ಲ. ಇಪ್ಪತ್ತು ಗಣಕಗಳನ್ನು ಕೊಡುವ ದಾನಿಯು ಹತ್ತೊಂಬತ್ತನ್ನು ಕೊಟ್ಟು, ಉಳಿದ ಹಣವನ್ನು ನಿಯಮ ಪಾಲಿಸಬಲ್ಲ ಸ್ವಿಚ್ಚಿಗೆ ವಿನಿಯೋಗಿಸಿದರೆ ದಾನವು ಹೆಚ್ಚು ಸಾರ್ಥಕವಾದೀತು. ಬೆಂಗಳೂರು, ಪುಣೆಗಳಲ್ಲಿ ಗಣಕ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನು ವರ್ಷಕ್ಕೊಂದು ದಿನ ಬಂದು ಪಟ್ಟಿಯನ್ನು ಪರಿಶೀಲಿಸಿಕೊಟ್ಟರೆ ಅದು ಹಣಕ್ಕೂ ಮಿಗಿಲಾದ ಕಾಣಿಕೆ. ಪ್ರತಿ ನಿಯಮವನ್ನೂ ಅದರ ಕಾರಣ, ಬರೆದವರು, ದಿನಾಂಕ ಸಹಿತ ಒಂದು ದಪ್ಪ ನೋಟುಪುಸ್ತಕದಲ್ಲಿ ದಾಖಲಿಸಿಡಬೇಕು. ಶಿಕ್ಷಕರು ವರ್ಗವಾಗುತ್ತಾರೆ, ಯಂತ್ರಗಳು ಕೆಡುತ್ತವೆ. ಕಾರಣ ತಿಳಿಯದ ನಿಯಮವನ್ನು ಮುಂದಿನವರು ಅಳಿಸಲೂ ಅಂಜುತ್ತಾರೆ, ಉಳಿಸಲೂ ಅಂಜುತ್ತಾರೆ.

ಭಾರತದ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿ, 18 ವರ್ಷ ತುಂಬದವರ ಮಾಹಿತಿಯ ವಿಷಯದಲ್ಲಿ ವಿಶೇಷ ಎಚ್ಚರವನ್ನು ವಿಧಿಸಿದೆ. ಆದರೆ ಕಾಯಿದೆಯ ಭಯಕ್ಕಿಂತ ಹಿರಿದಾದ ಕಾರಣ ಬೇರೆಯೇ ಇದೆ. ತಂದೆತಾಯಿಗಳು ಮಗುವನ್ನು ಶಾಲೆಗೆ ಸೇರಿಸುವಾಗ ಅದರ ಹೆಸರು, ಜಾತಿ, ಮನೆತನದ ಆದಾಯ, ಆಧಾರ್ ಸಂಖ್ಯೆಗಳನ್ನೆಲ್ಲ ನಂಬಿ ಕೊಡುತ್ತಾರೆ. ಆ ದಾಖಲೆಗಳನ್ನು ಹಿಂದೆ ಕಬ್ಬಿಣದ ಕಪಾಟಿನಲ್ಲಿಟ್ಟು ಕೀಲಿಕೈಯನ್ನು ಮುಖ್ಯೋಪಾಧ್ಯಾಯರೇ ಇಟ್ಟುಕೊಳ್ಳುತ್ತಿದ್ದರು. ದಾಖಲೆಗಳು ಈಗ ಗಣಕದೊಳಗೆ ಸೇರಿವೆ. ಕೀಲಿಕೈಯ ಹೊಣೆ ಮಾತ್ರ ಇಂದಿಗೂ ಅವರದೇ ಆಗಿದೆ.