ವ್ಯಾಜ್ಯದಲ್ಲಿ ಸ್ತ್ರೀಪಕ್ಷದ ದನಿ

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಆರಂಭವಾದ ತರುವಾಯ ನಮ್ಮ ಯಲಹಂಕ ಪ್ರಾಂತದ ಹೊಲಗದ್ದೆಗಳ ಬೆಲೆ ಏರುತ್ತಲೇ ಬಂದಿದೆ. ಅದರೊಡನೆ ಪಾಲಿನ ಮಾತೂ ಮನೆಮನೆಯನ್ನು ಹೊಕ್ಕಿದೆ. ಮದುವೆಯಾಗಿ ಹೋದ ಮಗಳನ್ನು ಉಪನೋಂದಣಾಧಿಕಾರಿಗಳ ಕಚೇರಿಗೆ ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸುವುದು ಎಷ್ಟೋ ಮನೆಗಳಲ್ಲಿ ರೂಢಿ. 'ಸ್ವಸಂತೋಷದಿಂದ' ಬಿಟ್ಟುಕೊಟ್ಟಿರುತ್ತೇನೆ ಎಂದು ಅಲ್ಲಿ ಬರೆದಿರುತ್ತದೆ. ಪದಗಳಿಗೆ ಅರ್ಥ ಹೇಳುವುದನ್ನೇ ವೃತ್ತಿಯಾಗಿಸಿಕೊಂಡ ನನಗೆ ಆ ಪದವು ಅಲ್ಲಿ ಅರ್ಥಶೂನ್ಯವೆಂದೇ ತೋರುತ್ತದೆ. ಪತ್ರ ಬರೆಸಿದವರು ಸೋದರರು. ವಕೀಲರೂ ಅವರ ಕಡೆಯವರೇ. ತಾನು ಬಿಡುತ್ತಿರುವುದೇನೆಂದು ಅರಿಯದವಳ ಒಪ್ಪಿಗೆಯು ಒಪ್ಪಿಗೆಯಾದೀತೆ?

ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯು ಪಿತ್ರಾರ್ಜಿತದಲ್ಲಿ ಪುತ್ರಿಗೆ ಪುತ್ರನ ಸಮಾನ ಹಕ್ಕನ್ನು ಕೊಟ್ಟಿತು. ಹಕ್ಕು ಗ್ರಂಥದಲ್ಲಿದ್ದರೆ ಸಾಲದು. ಅದನ್ನು ನುಡಿಯುವ ನಾಲಗೆಯೂ ಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಪ್ರಕರಣದಂತೆ, ವರಮಾನವೆಷ್ಟೇ ಇರಲಿ, ಸ್ತ್ರೀಯು ಉಚಿತವಾಗಿ ವಕೀಲರ ನೆರವು ಪಡೆಯಲು ಅರ್ಹಳು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಸಲ್ಲಿಸಬಹುದು. 15100 ಸಂಖ್ಯೆಗೆ ದೂರವಾಣಿ ಮಾಡಿಯೂ ಕೇಳಬಹುದು.

ವಕೀಲರು ನಡುವೆ ಬಂದರೆ ತವರಿನ ಬಾಂಧವ್ಯ ಕೆಡುವುದೆಂದು ಹಿರಿಯರು ಆಕ್ಷೇಪಿಸುವುದುಂಟು. ತಿಳಿದು ಬಿಟ್ಟುಕೊಟ್ಟರೆ ಅದು ಔದಾರ್ಯ. ತಿಳಿಯಗೊಡದೆ ಬಿಡಿಸಿಕೊಂಡರೆ ಅದು ವಂಚನೆ. ವಂಚನೆಯ ಮೇಲೆ ನಿಂತ ಬಾಂಧವ್ಯವು ಎಷ್ಟು ಕಾಲ ಬಾಳೀತು?

ಉಪಾಧ್ಯಾಯ ಬಂಧುಗಳೇ, ಹಳೆಯ ವಿದ್ಯಾರ್ಥಿಗಳೇ, ದಾನಿ ಮಹನೀಯರೇ, ನಮ್ಮ ಹೆಣ್ಣುಮಕ್ಕಳಿಗೆ ರುಜು ಹಾಕುವಷ್ಟು ಅಕ್ಷರವನ್ನು ಕಲಿಸಿದ್ದೇವೆ. ರುಜುವಿಗೆ ಮುನ್ನ ತನ್ನವರೊಬ್ಬರು ವಕೀಲರನ್ನು ಕೇಳುವ ಧೈರ್ಯವನ್ನೂ ಕಲಿಸೋಣ.