ಕ್ರಿಸ್‌ಮಸ್ ಹೊತ್ತಿನ ಜಡಿಮಳೆ

ಡಿಸೆಂಬರ್ ಬಂತೆಂದರೆ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಕಡೆಯ ಮಕ್ಕಳ ಬಾಯಲ್ಲಿ ಬಿಡದಿಯ ವಂಡರ್‌ಲಾದ್ದೇ ಮಾತು. 2005ರಲ್ಲಿ ಶುರುವಾದ ಈ ಪಾರ್ಕ್‌ನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ದೀಪ, ನಕ್ಷತ್ರ, ಸಾಂತಾ, ಕುಣಿತ ಎಲ್ಲ ಇರುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಜಡಿಮಳೆ. ಎತ್ತರದ ಆಟಗಳನ್ನು ನಿಲ್ಲಿಸಬೇಕಾಗುತ್ತದೆ. ಆದರೆ ನಮ್ಮದು ಮಳೆಗಾಗಿ ಮುಗಿಲು ನೋಡುವ ಬಯಲುಸೀಮೆ. ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು, ಕೇಕಿನ ತುಂಡು ನೆನೆಯದಂತೆ ಅಂಗೈ ಮುಚ್ಚಿಕೊಂಡು ಬಯಲಲ್ಲೇ ಕುಣಿಯುತ್ತಾರೆ. ಒಳಗಿನ ರೇನ್ ಡಿಸ್ಕೋದ ಬೆಚ್ಚನೆಯ ನೀರಿಗಿಂತ ಈ ಚಳಿ ಮಳೆಯೇ ಅವರಿಗೆ ಇಷ್ಟವೇನೋ! ಜೊತೆಗೆ ಬಂದ ಅಪ್ಪಂದಿರು ಮಾತ್ರ ಊರಿಗೆ ಫೋನ್ ಹಚ್ಚುತ್ತಾರೆ: ‘ರಾಗಿ ಮೆದೆಗೆ ಟಾರ್ಪಾಲು ಹೊದಿಸಿದ್ರಾ?’ ಆ ಚಿಂತೆಯೂ ನ್ಯಾಯವಾದದ್ದೇ. ಕೊಯ್ದ ರಾಗಿ ನೆಂದು ಮೊಳಕೆಯೊಡೆದರೆ ವರ್ಷದ ಊಟವೇ ಹೋದಂತೆ.